ಕೋಳಿ ಬಲೆಗೆ ಬಿದ್ದ ಆಕಾಶದ ಅಲೆ

‘ಬಂತಾ?’
‘ಇಲ್ಲ, ಇನ್ನೂ ಸ್ವಲ್ಪ ಎಡಕ್ಕೆ ತಿರುಗಿಸು.’
‘ಈಗ?’
‘ಬಂತು, ಬಂತು! ಅಯ್ಯೋ, ಹೋಯ್ತು!’

1980ರ ದಶಕದಲ್ಲಿ ಟಿ.ವಿ. ಇದ್ದ ಬೀದಿಗಳಲ್ಲಿ ಭಾನುವಾರ ಈ ಮಾತುಕತೆ ಕೇಳದೆ ಇರುತ್ತಿರಲಿಲ್ಲ. ಮನೆಯ ಹಿರಿಮಗ ಮಾಡಿನ ಮೇಲೆ ಕಂಬ ಹಿಡಿದು ನಿಂತಿರುತ್ತಿದ್ದ. ಕಿಟಕಿಯ ಬಳಿ ತಂಗಿ, ಪೆಟ್ಟಿಗೆಯ ಮುಂದೆ ಅಪ್ಪ. ಅಪ್ಪ ಹೇಳಿದ್ದನ್ನು ತಂಗಿ ಮೇಲಕ್ಕೆ ಕೂಗಿ ಮುಟ್ಟಿಸಬೇಕು. ತೆರೆಯ ಮೇಲೆ ಸುರಿಯುತ್ತಿದ್ದ ಬಿಳಿ ಚುಕ್ಕೆಗಳ ಮಳೆ ನಿಂತು ಮುಖಗಳು ಮೂಡುವವರೆಗೆ ಈ ಕಸರತ್ತು ನಡೆಯುತ್ತಿತ್ತು. ಅಂಗಡಿಯಿಂದ ತಂದ ಆಂಟೆನಾ ಸಾಲದೆಂದು ಅದಕ್ಕೆ ಸೈಕಲ್ ರಿಮ್ಮು ಕಟ್ಟಿದವರಿದ್ದರು, ಅಲ್ಯುಮಿನಿಯಂ ತಟ್ಟೆ ತೂಗುಹಾಕಿದವರಿದ್ದರು. ಮಲೆನಾಡಿನಲ್ಲಿ ಗುಡ್ಡದ ಮರೆಯಿಂದ ಪಾರಾಗಲು ಉದ್ದನೆಯ ಬಿದಿರಿಗೆ ಆಂಟೆನಾ ಕಟ್ಟಿ ಎತ್ತುತ್ತಿದ್ದರು.

ಕಾಲ ಬದಲಾಯಿತು. ಮಾಡಿನ ಮೇಲಿನ ಆ ಮೀನಿನ ಮುಳ್ಳುಗಳು ಬಹುಮಟ್ಟಿಗೆ ಮಾಯವಾದವು. ಆದರೆ ‘ಬಂತಾ?’ ಎಂಬ ಪ್ರಶ್ನೆ ಮಾಯವಾಗಲಿಲ್ಲ. 2020ರಲ್ಲಿ ಕೊರೊನಾ ಬಂದು ಶಾಲೆ ಕಾಲೇಜುಗಳು ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದಾಗ, ಪಶ್ಚಿಮ ಘಟ್ಟದ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು, ಮರ ಏರಿದರು, ಮಳೆಯಲ್ಲಿ ಕೊಡೆ ಹಿಡಿದು ರಸ್ತೆ ಬದಿಯಲ್ಲಿ ಕುಳಿತು ಪಾಠ ಕೇಳಿದರು. ಅಲೆ ಎಲ್ಲೋ ಇದೆ, ಮನೆಯೊಳಗೆ ಮಾತ್ರ ಬರುತ್ತಿಲ್ಲ ಎಂಬ ಸಂಕಟ ನಲವತ್ತು ವರ್ಷಗಳ ನಂತರವೂ ಹಾಗೆಯೇ ಇತ್ತು.

ಈ ಸಂಕಟಕ್ಕೆ ಜನ ಮನೆಯ ಸಾಮಾನುಗಳಿಂದಲೇ ಪರಿಹಾರ ಹುಡುಕುತ್ತ ಬಂದ ಚರಿತ್ರೆ ನೂರು ವರ್ಷಕ್ಕೂ ಹಳೆಯದು. ಅದರಲ್ಲಿ ಪಾತ್ರೆ ಪಗಡಗಳಿವೆ, ರೈಲ್ವೆ ವೇಳಾಪಟ್ಟಿಯಿದೆ, ಸೆಣಬಿನ ನಾರಿದೆ. ಕೋಳಿಗೂಡಿನ ಬಲೆಯೂ ಇದೆ. ಆ ಬಲೆ ಕಲಬುರಗಿ, ವಿಜಯಪುರ, ರಾಯಚೂರು ಸೀಮೆಯ ಹಳ್ಳಿಗಳಿಗೆ ಮೊತ್ತಮೊದಲು ಟಿ.ವಿ. ತಂದುಕೊಟ್ಟಿತ್ತು ಎಂಬುದು ಇಂದು ಹೆಚ್ಚು ಜನರಿಗೆ ನೆನಪಿಲ್ಲ.

ಕಿವಿಯ ಹಿಂದಿನ ಅಂಗೈ

ಆಂಟೆನಾ ಎಂದರೆ ಅಲೆಯನ್ನು ಹಿಡಿಯುವ ಲೋಹ. ರೇಡಿಯೊ ಅಲೆ ಒಂದು ತಂತಿಯನ್ನು ಹಾದುಹೋಗುವಾಗ ಅದರಲ್ಲಿ ಅತಿ ಸಣ್ಣ ವಿದ್ಯುತ್ ಹರಿವನ್ನು ಎಬ್ಬಿಸುತ್ತದೆ. ಆ ಹರಿವನ್ನು ಹಿಗ್ಗಿಸಿ ಮಾತು, ಹಾಡು, ಚಿತ್ರವಾಗಿ ಮಾರ್ಪಡಿಸುವುದು ಪೆಟ್ಟಿಗೆಯ ಕೆಲಸ. ಹಿಡಿಯುವುದಷ್ಟೇ ತಂತಿಯ ಕೆಲಸ.

ಯಾವ ತಂತಿಯಾದರೂ ಸ್ವಲ್ಪ ಹಿಡಿಯುತ್ತದೆ. ಆದರೆ ಚೆನ್ನಾಗಿ ಹಿಡಿಯಬೇಕಾದರೆ ಅದರ ಉದ್ದ ಅಲೆಯ ಅಳತೆಗೆ ಹೊಂದಬೇಕು. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಯವರೆಗಿನ ಅಂತರವನ್ನು ತರಂಗದೂರ ಎನ್ನುತ್ತಾರೆ. ಆಕಾಶವಾಣಿಯ ಉದ್ಘೋಷಕರು ನಿಲಯದ ಹೆಸರಿನ ಜೊತೆಗೆ ಇಷ್ಟು ಮೀಟರ್ ಎಂದು ಹೇಳುತ್ತಿದ್ದುದು ಇದನ್ನೇ. ತಂತಿಯ ಉದ್ದ ಈ ಅಂತರದ ಅರ್ಧದಷ್ಟಿದ್ದರೆ ಹಿಡಿತ ಚೆನ್ನ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಕಡಿಮೆ ಶ್ರಮದಲ್ಲೇ ಎತ್ತರಕ್ಕೆ ಹೋಗುತ್ತದಲ್ಲ, ಹಾಗೆ. 200 ಮೆಗಾಹರ್ಟ್ಸ್ ಆವೃತ್ತಿಯ ದೂರದರ್ಶನದ ಅಲೆಗೆ ತರಂಗದೂರ ಒಂದೂವರೆ ಮೀಟರ್, ಆದ್ದರಿಂದ ಅದರ ಆಂಟೆನಾ ಕಡ್ಡಿ ಸುಮಾರು ಮುಕ್ಕಾಲು ಮೀಟರ್. ಇಂದಿನ ಮನೆಗಳ ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಗೆ ತರಂಗದೂರ ಹನ್ನೆರಡೂವರೆ ಸೆಂಟಿಮೀಟರ್. ಅದಕ್ಕೆ ಬೆರಳುದ್ದದ ತಂತಿ ಸಾಕು. ಅಲೆ ಕಿರಿದಾದಷ್ಟೂ ಆಂಟೆನಾ ಅಡುಗೆಮನೆಯ ಸಾಮಾನಿನ ಗಾತ್ರಕ್ಕೆ ಇಳಿಯುತ್ತದೆ.

ಇನ್ನೊಂದು ಉಪಾಯ ಪ್ರತಿಫಲನದ್ದು. ಕಿವಿ ಮಂದವಾದ ಹಿರಿಯರು ಅಂಗೈಯನ್ನು ಬೋಗುಣಿಯಂತೆ ಮಾಡಿ ಕಿವಿಯ ಹಿಂದೆ ಹಿಡಿಯುತ್ತಾರೆ. ಎದುರಿನ ಮಾತು ಅವರಿಗೆ ಆಗ ಸ್ಪಷ್ಟವಾಗುತ್ತದೆ, ಹಿಂದಿನ ಸದ್ದು ಕುಗ್ಗುತ್ತದೆ. ಆಂಟೆನಾದ ಹಿಂದೆ ಇಡುವ ತಟ್ಟೆ, ತಗಡು, ಬಲೆ ಎಲ್ಲವೂ ಈ ಅಂಗೈಯೇ. ಇಲ್ಲಿ ಒಂದು ಮಾತು ಮರೆಯಬಾರದು. ತಟ್ಟೆ ಹೊಸ ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ. ಬೇರೆ ದಿಕ್ಕುಗಳನ್ನು ಬಿಟ್ಟುಕೊಟ್ಟು ಒಂದೇ ದಿಕ್ಕಿನ ಅಲೆಯನ್ನು ಒಟ್ಟುಮಾಡುತ್ತದೆ, ಅಷ್ಟೆ. ಮಾಡಿನ ಮೇಲೆ ನಿಂತ ಹುಡುಗ ಅಷ್ಟು ಹೊತ್ತು ಕಂಬ ತಿರುಗಿಸಬೇಕಾಗಿದ್ದುದು ಇದೇ ಕಾರಣಕ್ಕೆ.

ವೇಳಾಪಟ್ಟಿ ಮತ್ತು ಸೆಣಬು

ವಿಶೇಷವೆಂದರೆ, ಈ ವಿದ್ಯೆಯ ಮೂಲಪುರುಷರೂ ಕೈಗೆ ಸಿಕ್ಕ ಸಾಮಾನುಗಳಿಂದಲೇ ಆರಂಭಿಸಿದರು. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್‌ರಿಶ್ ಹರ್ಟ್ಸ್ ರೇಡಿಯೊ ಅಲೆಗಳಿರುವುದನ್ನು ತೋರಿಸಿಕೊಟ್ಟಾಗ ಅವನ ಬಳಿಯಿದ್ದ ಗ್ರಾಹಕ ಸಣ್ಣ ಸೀಳು ಬಿಟ್ಟ ತಂತಿಯ ಬಳೆ. ಅಲೆ ಬಂದಾಗ ಆ ಸೀಳಿನಲ್ಲಿ ಕಿಡಿ ಹಾರುತ್ತಿತ್ತು. 1888ರಲ್ಲಿ ಅವನು ಸತುವಿನ ತಗಡನ್ನು ಬಾಗಿಸಿ ಅಲೆಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದ. ಇಂದಿನ ಡಿಷ್ ಆಂಟೆನಾದ ಮುತ್ತಜ್ಜ ಅದೇ ತಗಡು.

ಕಲ್ಕತ್ತೆಯಲ್ಲಿ ಜಗದೀಶ್ಚಂದ್ರ ಬೋಸ್ ಇದಕ್ಕಿಂತಲೂ ಸ್ವಾರಸ್ಯದ ಸಲಕರಣೆ ಹೂಡಿದರು. ಹರ್ಟ್ಸ್ ಬಳಸಿದ್ದಕ್ಕಿಂತ ಬಹಳ ಕಿರಿದಾದ, ಮಿಲಿಮೀಟರ್ ಲೆಕ್ಕದ ಅಲೆಗಳನ್ನು ಬೋಸ್ ಆರಿಸಿಕೊಂಡರು. 1895ರಲ್ಲಿ ಅವರು ಗೋಡೆಗಳನ್ನು ದಾಟಿಸಿ ಅಲೆ ಕಳುಹಿಸಿ, ದೂರದಲ್ಲಿ ಗಂಟೆ ಬಾರಿಸಿ, ಮದ್ದಿನ ಪುಡಿ ಸಿಡಿಸಿ ತೋರಿಸಿದರು. ಅಲೆಗಳನ್ನು ಕೂಡಿಸಿಕೊಳ್ಳಲು ಅವರು ಮಾಡಿದ್ದು ಲೋಹದ ಒಂದು ಆಲಿಕೆ. ಸೀಮೆಎಣ್ಣೆ ಸುರಿಯುವ ಆಲಿಕೆಯಂಥದೇ, ಅಲೆಯ ಅಳತೆಗೆ ಹೊಂದಿಸಿದ್ದು. ಅಲೆಗಳು ಯಾವ ಸಮತಲದಲ್ಲಿ ಕಂಪಿಸುತ್ತವೆ ಎಂದು ತಿಳಿಯಲು ಅವರು ರೈಲ್ವೆ ವೇಳಾಪಟ್ಟಿಯ ಒಂದು ದಪ್ಪ ಪುಸ್ತಕ ತೆಗೆದುಕೊಂಡು, ಹಾಳೆಗಳ ನಡುವೆ ತವರದ ತೆಳು ಹಾಳೆಗಳನ್ನು ಸೇರಿಸಿದರು. ಹೊಸೆದ ಸೆಣಬಿನ ನಾರಿನ ಕಟ್ಟುಗಳು ಅಲೆಯ ಕಂಪನವನ್ನು ತಿರುಚುತ್ತವೆ ಎಂಬುದನ್ನೂ ತೋರಿಸಿದರು. ಪ್ರಯೋಗಶಾಲೆಯ ಬಡತನವನ್ನು ಬೋಸ್ ಅಡ್ಡಿಯಾಗಲು ಬಿಡಲಿಲ್ಲ.

ಮೈಸೂರಿಗೂ ಈ ಕಥೆಯಲ್ಲಿ ಒಂದು ಪಾಲಿದೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ ರೇಡಿಯೊ ಕೇಂದ್ರ ಆರಂಭಿಸಿದರು. ಮೊದಲ ಪ್ರೇಷಕದ ಸಾಮರ್ಥ್ಯ ಕೇವಲ 30 ವಾಟ್. ಮಂಕಾದ ಒಂದು ವಿದ್ಯುತ್ ಬಲ್ಬಿನಷ್ಟು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಸಂದದ್ದು ಈ ಮನೆ ಕೇಂದ್ರಕ್ಕೆ, ಆಮೇಲೆ ಇಡೀ ದೇಶದ ಬಾನುಲಿಗೆ. ಅಂಥ ಕ್ಷೀಣ ಅಲೆಯನ್ನು ದೂರದವರು ಕೇಳಬೇಕಾದರೆ ಉದ್ದನೆಯ ಏರಿಯಲ್ ಬೇಕೇಬೇಕು. ಎರಡು ಕಂಬಗಳ ನಡುವೆ ತಾಮ್ರದ ತಂತಿ, ಅದರಿಂದ ಇಳಿದ ಒಂದು ಎಳೆ, ಹಿತ್ತಲಿನ ನೆಲಕ್ಕೆ ಹೂತ ಇನ್ನೊಂದು ಎಳೆ. ಮುಂದೆ ಜಾಲರಿಯಂಥ ತಾಮ್ರದ ಪಟ್ಟಿ ಅಂಗಡಿಗೆ ಬಂದು ನಡುಮನೆಯ ಗೋಡೆಯಿಂದ ಗೋಡೆಗೆ ತೂಗಾಡಿತು.

ಊರಿನವರಿಗೇ ಗೊತ್ತಿಲ್ಲದ ಹೆಸರು

ಮಾಡಿನ ಮೇಲಿನ ಮೀನಿನ ಮುಳ್ಳಿಗೆ ಶಾಸ್ತ್ರೀಯ ಹೆಸರು ಯಾಗಿ-ಉಡಾ ಆಂಟೆನಾ. ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ 1926ರ ಸುಮಾರಿಗೆ ಇದನ್ನು ರೂಪಿಸಿದರು. ಇದರಲ್ಲಿ ಪೆಟ್ಟಿಗೆಗೆ ತಂತಿ ಹೋಗುವುದು ಒಂದೇ ಕಡ್ಡಿಯಿಂದ. ಅದರ ಹಿಂದಿನ ತುಸು ಉದ್ದದ ಕಡ್ಡಿ ಅಲೆಯನ್ನು ಹಿಂದಿರುಗಿಸುತ್ತದೆ. ಮುಂದಿರುವ ಗಿಡ್ಡ ಕಡ್ಡಿಗಳು ಅಲೆಯನ್ನು ಒಳಗೆ ಕರೆದುಕೊಳ್ಳುತ್ತವೆ. ಯಾವುದಕ್ಕೂ ತಂತಿ ಕಟ್ಟದ ಕಡ್ಡಿಗಳೂ ದುಡಿಯುತ್ತವೆ ಎಂಬುದೇ ಇದರ ಚಮತ್ಕಾರ. ಹಳೆಯ ಅಲ್ಯುಮಿನಿಯಂ ಕೊಳವೆ ಮತ್ತು ಅಳತೆ ಪಟ್ಟಿ ಇದ್ದವರು ಯಾರಾದರೂ ಇದನ್ನು ಮಾಡಿಕೊಳ್ಳಬಹುದಾಗಿತ್ತು.

ಜಪಾನಿನಲ್ಲಿ ಇದಕ್ಕೆ ಬೆಲೆ ಸಿಗಲಿಲ್ಲ. ಪಶ್ಚಿಮದವರು ಇದನ್ನು ರಾಡಾರಿಗೆ ಅಳವಡಿಸಿಕೊಂಡರು. 1942ರಲ್ಲಿ ಸಿಂಗಪುರವನ್ನು ಗೆದ್ದ ಜಪಾನೀ ಸೇನೆಗೆ ಬ್ರಿಟಿಷ್ ಸೈನಿಕನೊಬ್ಬನ ರಾಡಾರ್ ಟಿಪ್ಪಣಿ ಸಿಕ್ಕಿತು. ಅದರಲ್ಲಿ ಮತ್ತೆ ಮತ್ತೆ ಬರುತ್ತಿದ್ದ ‘ಯಾಗಿ’ ಎಂಬ ಪದ ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ ಸೆರೆಸಿಕ್ಕವನನ್ನೇ ಕೇಳಿದರು. ಅದು ನಿಮ್ಮದೇ ದೇಶದ ಪ್ರಾಧ್ಯಾಪಕರ ಹೆಸರು ಎಂದು ಅವನು ತಿಳಿಸಬೇಕಾಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಜಪಾನಿಗೂ ಸಲ್ಲುತ್ತದೆ.

ಕೋಳಿ ಬಲೆಯ ಮಹಿಮೆ

ಈಗ ಕೋಳಿ ಬಲೆಗೆ ಬರೋಣ. 1969ರಲ್ಲಿ ಭಾರತ ಮತ್ತು ಅಮೆರಿಕದ ನಾಸಾ ಒಂದು ಒಪ್ಪಂದ ಮಾಡಿಕೊಂಡವು. ನಾಸಾದ ಉಪಗ್ರಹವನ್ನು ಒಂದು ವರ್ಷ ಭಾರತ ಬಳಸಿಕೊಂಡು ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ಕಳುಹಿಸಬೇಕು. ಇದರ ಹಿಂದೆ ಇದ್ದವರು ವಿಕ್ರಮ್ ಸಾರಾಭಾಯಿ. ಟಿ.ವಿ. ಮೊದಲು ಪೇಟೆಗೆ ಬಂದು ನಿಧಾನವಾಗಿ ಹಳ್ಳಿಗೆ ಹೋಗುವುದಲ್ಲ, ಅತಿ ಹಿಂದುಳಿದ ಹಳ್ಳಿಗೇ ಮೊದಲು ಹೋಗಲಿ ಎಂಬುದು ಅವರ ವಿಚಾರ. 1971ರ ಕೊನೆಯಲ್ಲಿ ಅವರು ತೀರಿಕೊಂಡರು. ಕೆಲಸ ನಿಲ್ಲಲಿಲ್ಲ.

ಉಪಗ್ರಹ ಇರುವುದು 36 ಸಾವಿರ ಕಿಲೋಮೀಟರ್ ಮೇಲೆ. ಅಲ್ಲಿಂದ ಬರುವ ಕ್ಷೀಣ ಅಲೆಯನ್ನು ಹಿಡಿಯಲು ಪ್ರತಿ ಹಳ್ಳಿಯಲ್ಲೂ ದೊಡ್ಡ ಬೋಗುಣಿ ಆಂಟೆನಾ ಬೇಕು. ಅದು ಅಗ್ಗವಾಗಿರಬೇಕು, ಎತ್ತಿನ ಗಾಡಿಯ ದಾರಿಯಲ್ಲಿ ಸಾಗಿಸುವಂತಿರಬೇಕು, ಬಿರುಗಾಳಿಗೆ ಉರುಳಬಾರದು, ಊರಿನಲ್ಲೇ ಜೋಡಿಸುವಂತಿರಬೇಕು. ಅಹಮದಾಬಾದಿನ ಇಸ್ರೊ ಎಂಜಿನಿಯರುಗಳು ಕಂಡುಕೊಂಡ ಉತ್ತರವೇ ಕೋಳಿಗೂಡಿಗೆ ಹೊದಿಸುವ ತಂತಿ ಬಲೆ. ಸುಮಾರು 3 ಮೀಟರ್ ಅಗಲದ ಬೋಗುಣಿ ಆಕಾರದ ಚೌಕಟ್ಟಿಗೆ ಈ ಬಲೆಯನ್ನು ಬಿಗಿದು ಅವರು ಆಂಟೆನಾ ಸಿದ್ಧಪಡಿಸಿದರು.

ತೂತು ತೂತಾದ ಬಲೆಯಲ್ಲಿ ಅಲೆ ಸೋರಿಹೋಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಉತ್ತರ ಜರಡಿಯಲ್ಲಿದೆ. ಜರಡಿಯ ಕಣ್ಣಿಗಿಂತ ದಪ್ಪಗಿರುವ ಕಾಳು ಕೆಳಗೆ ಬೀಳುವುದಿಲ್ಲ. ಉಪಗ್ರಹದ ಅಲೆಯ ಆವೃತ್ತಿ 860 ಮೆಗಾಹರ್ಟ್ಸ್, ಅಂದರೆ ತರಂಗದೂರ ಸುಮಾರು 35 ಸೆಂಟಿಮೀಟರ್. ಬಲೆಯ ಕಣ್ಣು ತರಂಗದೂರದ ಹತ್ತನೇ ಒಂದು ಪಾಲಿಗಿಂತ ಚಿಕ್ಕದಾಗಿದ್ದರೆ ಅಲೆಯ ಮಟ್ಟಿಗೆ ಅದು ಹೆಚ್ಚುಕಡಿಮೆ ಗಟ್ಟಿ ತಗಡೇ. ಗಾಳಿಗೆ ಮಾತ್ರ ಅದು ಬಲೆ. ಅಲೆ ನಿಲ್ಲುತ್ತದೆ, ಗಾಳಿ ಹಾದುಹೋಗುತ್ತದೆ. ತೂಕ ಕಡಿಮೆ, ಖರ್ಚೂ ಕಡಿಮೆ. ಆ ಬೋಗುಣಿಯನ್ನು ಆಕಾಶದ ಒಂದೇ ಬಿಂದುವಿನತ್ತ ತಿರುಗಿಸಿ ಭದ್ರಪಡಿಸಿದರಾಯಿತು. ಭೂಮಿಯ ಜೊತೆಗೇ ಸುತ್ತುವ ಉಪಗ್ರಹ ಅಲ್ಲೇ ನಿಂತಂತೆ ಇರುತ್ತದೆ.

ಮೇಲಿದ್ದ ಎಟಿಎಸ್-6 ಉಪಗ್ರಹದ ಆಂಟೆನಾ ಕೂಡ ಜಾಲರಿಯೇ ಎಂಬುದು ಇನ್ನೊಂದು ಸ್ವಾರಸ್ಯ. ಒಂಬತ್ತು ಮೀಟರ್ ಅಗಲದ ಆ ಜಾಲರಿಯನ್ನು ಮಡಿಸಿ ಒಯ್ದು ಅಂತರಿಕ್ಷದಲ್ಲಿ ಕೊಡೆಯಂತೆ ಬಿಚ್ಚಲಾಗಿತ್ತು.

1975ರ ಆಗಸ್ಟ್ 1ರಂದು ಪ್ರಸಾರ ಆರಂಭವಾಯಿತು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗಕ್ಕೆ ಆಂಧ್ರ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒರಿಸ್ಸಾ, ರಾಜಸ್ಥಾನಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದ ಪಾಲಿನ ಹಳ್ಳಿಗಳು ಆಗಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳವು. ಹಿಂದಿ, ತೆಲುಗು, ಒರಿಯಾಗಳ ಜೊತೆಗೆ ಕನ್ನಡದಲ್ಲೂ ಕಾರ್ಯಕ್ರಮಗಳಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಒಂದಿಷ್ಟು ಹಾಡು ಕುಣಿತ. ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಇಟ್ಟ ಒಂದೇ ಪೆಟ್ಟಿಗೆಯ ಮುಂದೆ ಊರಿಗೆ ಊರೇ ಕೂರುತ್ತಿತ್ತು. ಬೆಂಗಳೂರಿನಲ್ಲಿ ಆಗ ಟಿ.ವಿ. ಕೇಂದ್ರವೇ ಇರಲಿಲ್ಲ. ರಾಜಧಾನಿ ಕಾಣದ ಟಿ.ವಿ.ಯನ್ನು ಹೈದರಾಬಾದ್ ಕರ್ನಾಟಕದ ಬಿಸಿಲುನಾಡಿನ ಹಳ್ಳಿ ಕಂಡಿತು. ಇಂಥ ತಿರುವುಮುರುವು ನಮ್ಮ ಅಭಿವೃದ್ಧಿಯ ಚರಿತ್ರೆಯಲ್ಲಿ ಅಪರೂಪ.

ಅದು ಹೆಚ್ಚು ಕಾಲ ಉಳಿಯಲಿಲ್ಲ. 1976ರ ಜುಲೈ 31ಕ್ಕೆ ವರ್ಷ ಮುಗಿಯಿತು. ಉಪಗ್ರಹ ಅಮೆರಿಕದವರದು, ಅವರು ಅದನ್ನು ಸರಿಸಿಕೊಂಡರು. ಬಲೆ ಇತ್ತು, ಪೆಟ್ಟಿಗೆ ಇತ್ತು, ಆಕಾಶದಿಂದ ಅಲೆ ಬರುವುದು ನಿಂತಿತು. 1977ರಲ್ಲಿ ಗುಲ್ಬರ್ಗದಲ್ಲಿ ಭೂಪ್ರಸಾರ ಕೇಂದ್ರ ಬಂದು ಸುತ್ತಲಿನ ಕೆಲವು ಹಳ್ಳಿಗಳಿಗೆ ಮತ್ತೆ ಚಿತ್ರ ಮೂಡಿತು. ಅದರ ವ್ಯಾಪ್ತಿಯಾಚೆಗಿನ ಹಳ್ಳಿಗಳು ಕಾಯಬೇಕಾಯಿತು. ಆಂಟೆನಾ ಎಷ್ಟೇ ಜಾಣತನದ್ದಾದರೂ ಅಲೆ ಕಳುಹಿಸುವವರು ಬೇರೆ ಯಾರೋ ಎಂಬ ಪಾಠವನ್ನು ಆ ಹಳ್ಳಿಗಳು ಅಂದೇ ಕಲಿತವು.

ಡಬ್ಬ, ಜಾಲರಿ ಸೌಟು

ವೈ-ಫೈ ಬಂದ ಮೇಲೆ ಮನೆಯ ಆಂಟೆನಾಗೆ ಮರುಜನ್ಮ ಸಿಕ್ಕಿತು. 2001ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರಾಬ್ ಫ್ಲಿಕೆಂಜರ್ ಎಂಬ ತಂತ್ರಜ್ಞ ಪ್ರಿಂಗಲ್ಸ್ ಆಲೂಗಡ್ಡೆ ಚಿಪ್ಸ್‌ನ ಉದ್ದನೆಯ ಡಬ್ಬದೊಳಗೆ ಒಂದು ಸರಳು, ಅದಕ್ಕೆ ಪೋಣಿಸಿದ ವಾಷರುಗಳನ್ನು ಇಟ್ಟು ಆಂಟೆನಾ ಮಾಡಿದ. ಅದು ಮನೆಮಾತಾಯಿತು. ಆಮೇಲೆ ಹವ್ಯಾಸಿಗಳು ಅಳೆದು ನೋಡಿದಾಗ, ಸರಿಯಾದ ಅಗಲದ ಸಾದಾ ತಗಡಿನ ಡಬ್ಬವೇ ಅದಕ್ಕಿಂತ ಮೇಲು ಎಂದು ಕಂಡುಬಂತು. ನ್ಯೂಜಿಲೆಂಡಿನಲ್ಲಿ ಸ್ಟ್ಯಾನ್ ಸ್ವಾನ್ ಎಂಬುವರು ಕರಿದ ತಿಂಡಿ ಎತ್ತುವ ತಂತಿಯ ಜಾಲರಿ ಸೌಟಿನ ನಡುವೆ ಕಂಪ್ಯೂಟರಿಗೆ ಸಿಕ್ಕಿಸುವ ಸಣ್ಣ ವೈ-ಫೈ ಸಾಧನವನ್ನು ಕೂರಿಸಿದರು. ಕೋಳಿ ಬಲೆಯ ಸೂತ್ರವೇ ಇದು, ಅಳತೆ ಮಾತ್ರ ಅಡುಗೆಮನೆಯದು.

ಡಬ್ಬದ ಅಗಲ ಮನಬಂದಂತೆ ಇರುವಂತಿಲ್ಲ. ಏಳೂವರೆ ಸೆಂಟಿಮೀಟರಿಗಿಂತ ಕಿರಿದಾದರೆ 2.4 ಗಿಗಾಹರ್ಟ್ಸ್ ಅಲೆ ಒಳಗೆ ಸಾಗುವುದೇ ಇಲ್ಲ. ಒಂಬತ್ತೂವರೆಗಿಂತ ಅಗಲವಾದರೆ ಅಲೆ ಒಳಗೆ ಬೇರೆ ಬೇರೆ ರೀತಿಯಲ್ಲಿ ಓಡಾಡಿ ಗೊಂದಲವಾಗುತ್ತದೆ. ಡಬ್ಬದ ಪಕ್ಕದಲ್ಲಿ ತೂತು ಕೊರೆದು ಮೂರು ಸೆಂಟಿಮೀಟರಿನ ತಾಮ್ರದ ತಂತಿ ಒಳಗಿಟ್ಟರೆ ಅದೇ ಕಿವಿ, ಡಬ್ಬವೇ ಅಂಗೈ.

ಡಬ್ಬ ಕೊರೆಯುವ ಗೋಜು ಬೇಡವೆಂದವರಿಗೆ ಇನ್ನೂ ಸುಲಭದ ದಾರಿ ಇದೆ. ರೊಟ್ಟಿ ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ರಟ್ಟಿಗೆ ಅಂಟಿಸಿ, ಮೊರದಂತೆ ಬಾಗಿಸಿ, ರೌಟರಿನ ಕಡ್ಡಿಯ ಹಿಂದೆ ನಿಲ್ಲಿಸುವುದು. ರೌಟರು ಮನೆಯ ಮೂಲೆಯಲ್ಲಿದ್ದರೆ ಅರ್ಧದಷ್ಟು ಅಲೆ ಪಕ್ಕದ ಬಯಲಿಗೆ ಪೋಲಾಗುತ್ತಿರುತ್ತದೆ. ಹಾಳೆ ಅದನ್ನು ಒಳಮನೆಗೆ ತಿರುಗಿಸುತ್ತದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು 2017ರಲ್ಲಿ ಇದನ್ನೇ ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಕೋಣೆಗೆ ತಕ್ಕ ಆಕಾರ ಲೆಕ್ಕಹಾಕಿ, ಅದಕ್ಕೆ ಲೋಹದ ಹಾಳೆ ಹೊದಿಸಿದರೆ ಬೇಕಾದ ಕಡೆ ಅಲೆ ಬಲವಾಗುತ್ತದೆ, ಬೇಡದ ಕಡೆ ಕುಗ್ಗುತ್ತದೆ ಎಂದು ತೋರಿಸಿದರು.

ಇದರ ಎಲ್ಲೆ ಎಷ್ಟು ದೂರ? ವೆನೆಜುವೆಲಾದ ಎರ್ಮಾನೊ ಪಿಯೆತ್ರೊಸೆಮೊಲಿ ಮತ್ತು ಸಂಗಡಿಗರು ಹಳೆಯ ಉಪಗ್ರಹ ತಟ್ಟೆಯನ್ನು ಮರುಬಳಕೆ ಮಾಡಿ, ಸಾಧಾರಣ ರೌಟರುಗಳಿಂದ 2006ರಲ್ಲಿ 279 ಕಿಲೋಮೀಟರ್, 2007ರಲ್ಲಿ 382 ಕಿಲೋಮೀಟರ್ ದೂರಕ್ಕೆ ವೈ-ಫೈ ಮುಟ್ಟಿಸಿದರು. ಬೆಂಗಳೂರಿನಿಂದ ಹುಬ್ಬಳ್ಳಿಯ ಹತ್ತಿರ ಹತ್ತಿರದ ದೂರ. ಆದರೆ ಎರಡು ತುದಿಯೂ ಎತ್ತರದ ಬೆಟ್ಟ, ನಡುವೆ ಅಡ್ಡಿಯಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಎಲ್ಲಿ ನಿಲ್ಲಬೇಕು

ಅಡ್ಡಿಯೇ ಮಲೆನಾಡಿನ ಸಮಸ್ಯೆ. ಗುಡ್ಡದ ಆಚೆ ಇರುವ ಗೋಪುರದ ಅಲೆಯನ್ನು ಯಾವ ಡಬ್ಬವೂ ಗುಡ್ಡ ಕೊರೆದು ತರಲಾರದು. ಎತ್ತರಕ್ಕೇರಿಸಿದ ಆಂಟೆನಾ ಇಣುಕಿ ನೋಡಬಲ್ಲುದು, ಅಷ್ಟೆ. ಮೊಬೈಲನ್ನು ಸ್ಟೀಲ್ ಪಾತ್ರೆಯಲ್ಲಿಟ್ಟರೆ ಹಾಡು ಜೋರಾಗಿ ಕೇಳುತ್ತದೆ, ಸಿಗ್ನಲ್ ಮಾತ್ರ ಕುಗ್ಗುತ್ತದೆ, ಸುತ್ತಲಿನ ಲೋಹ ಅಲೆಯನ್ನು ತಡೆಯುವುದರಿಂದ. ಫೋನಿನ ಹಿಂದೆ ಅಂಟಿಸುವ ಚೀಟಿಗಳಿಂದ ಮಾರುವವರಿಗಷ್ಟೇ ಲಾಭ.

ಕಾನೂನಿನ ಗೆರೆಯೂ ಇದೆ. 2.4 ಗಿಗಾಹರ್ಟ್ಸ್ ವೈ-ಫೈಗೆ 2005ರಿಂದ ಭಾರತದಲ್ಲಿ ಪರವಾನಗಿ ಬೇಕಿಲ್ಲ. ಆದರೆ ಆಂಟೆನಾದ ಬಲವೂ ಸೇರಿ ಒಂದು ದಿಕ್ಕಿಗೆ 4 ವಾಟ್ ಮೀರುವಂತಿಲ್ಲ. ಮೊಬೈಲ್ ‘ಬೂಸ್ಟರ್’ ಎಂಬ ವಿದ್ಯುತ್ ಸಾಧನದ ಕಥೆ ಬೇರೆ. ಅದು ಬರೀ ಕಿವಿಗೊಡುವುದಲ್ಲ, ತಾನೂ ಕೂಗುತ್ತದೆ. ಒಂದು ಮನೆಯ ಬೂಸ್ಟರಿನಿಂದ ಇಡೀ ಬಡಾವಣೆಯ ಫೋನುಗಳು ತೊದಲಬಹುದು. ಅದಕ್ಕೇ ಅನುಮತಿಯಿಲ್ಲದೆ ಅದನ್ನು ಹೂಡುವುದು ಅಪರಾಧ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಸಿಡಿಲು ಮತ್ತು ವಿದ್ಯುತ್ ತಂತಿಯದು. ಎತ್ತರದ ಲೋಹದ ಕಂಬ ಸಿಡಿಲಿಗೆ ದಾರಿಯಾಗಬಹುದು. ನೆಲಕ್ಕೆ ದಪ್ಪ ತಂತಿಯ ಸಂಪರ್ಕವಿರಬೇಕು, ಗುಡುಗು ಕೇಳಿದೊಡನೆ ಪೆಟ್ಟಿಗೆಯಿಂದ ತಂತಿ ಕಳಚಬೇಕು. ಕಂಬ ಏರಿಸುವಾಗ ಅದು ವಾಲಿದರೂ ಬೀದಿಯ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಬೇಕು. ಚಿತ್ರ ಬರಲಿಲ್ಲವೆಂದು ಮಾಡು ಹತ್ತಿದವರು ಜೀವ ಕಳೆದುಕೊಳ್ಳಬಾರದು.

ಮನೆಯಲ್ಲಿ ಮಾಡಿಕೊಂಡ ಆಂಟೆನಾ ಕೊರತೆಯ ಕೂಸು. ಕೇಂದ್ರ ದೂರವಿದ್ದಾಗ, ಗೋಪುರ ಬಾರದಿದ್ದಾಗ ಅದು ಹುಟ್ಟುತ್ತದೆ. ಅದರ ಜಾಣತನವನ್ನು ಮೆಚ್ಚಬೇಕು ನಿಜ. ಹಾಗೆಂದು ಗುಡ್ಡ ಹತ್ತಿ ಕುಳಿತ ವಿದ್ಯಾರ್ಥಿನಿಯ ಕೈಗೆ ಒಂದು ಡಬ್ಬ ಕೊಟ್ಟು ಹೊಣೆ ಕಳೆದುಕೊಳ್ಳಲಾಗದು. 1975ರಲ್ಲಿ ಕಟ್ಟಕಡೆಯ ಹಳ್ಳಿಯನ್ನು ಮೊದಲು ನೆನೆದು, ಕೋಳಿ ಬಲೆಯನ್ನಾದರೂ ಹೂಡಿ ಅಲೆ ಮುಟ್ಟಿಸಿದವರು ಇದೇ ದೇಶದವರು. ‘ಬಂತಾ?’ ಎಂದು ಮಾಡಿನ ಮೇಲಿಂದ ಕೇಳುವವರು ಇರುವವರೆಗೆ ಆ ಬಲೆಯನ್ನು ನೆನೆಯುವ ಕೆಲಸ ಬಾಕಿ ಇದೆ.